ಒಪ್ಪಿಗೆ ಪತ್ರದ ಪಾಠ

ನಿವೃತ್ತ ಇಂಗ್ಲಿಷ್ ಮೇಷ್ಟ್ರ ಮನೆಗೆ ಪಕ್ಕದ ಆಸ್ಪತ್ರೆಯ ನರ್ಸ್ ಅಂದು ಬೆಳಿಗ್ಗೆ ಏಳಕ್ಕೇ ಬಂದಳು. ಅವಳ ಇಂಗ್ಲಿಷ್ ಪರೀಕ್ಷೆಗೆ ಅವರೇ ತಯಾರಿ ಮಾಡಿಸುತ್ತಿದ್ದರು.

"ಇವತ್ತು ಇದನ್ನ ಓದೋಣ ಸರ್," ಎಂದು ತನ್ನ ಆಸ್ಪತ್ರೆಯಲ್ಲಿ ರೋಗಿಗಳು ಸಹಿ ಹಾಕುವ ಇಂಗ್ಲಿಷ್ ಒಪ್ಪಿಗೆ ಪತ್ರವನ್ನು ಚಾಚಿದಳು. ಕುರ್ಚಿಯ ತುದಿಯಲ್ಲೇ ಕೂತಳು. ಕೊನೆಯ ಹಾಳೆಯನ್ನು ಮಾತ್ರ ತನ್ನ ಬಳಿಯೇ ಇಟ್ಟುಕೊಂಡಳು.

"ಯಾಕಮ್ಮ ಇಷ್ಟು ಭಯ? ಪರೀಕ್ಷೆಗೆ ಇನ್ನೂ ತಿಂಗಳಿದೆ." ಮೇಷ್ಟ್ರು ಜೇಬಿನಿಂದ ಕೆಂಪು ಪೆನ್ನು ತೆಗೆದು ಪತ್ರದಲ್ಲಿದ್ದ ಎರಡು ಕಾಗುಣಿತದ ತಪ್ಪು ತಿದ್ದಿದರು. "ನಿಮ್ಮ ಆಸ್ಪತ್ರೆಯವರು ಬಿಟ್ಟಿ ಕೊಡ್ತೀವಿ ಅಂದ್ರಲ್ಲ ಮೊನ್ನೆ, ಆ ಮಂಡಿನೋವಿನ ಮಾತ್ರೆ ಕೊಡು, ಹೊತ್ತಾಯ್ತು."

ಅವಳು ಮಾತ್ರೆಯನ್ನು ಮುಷ್ಟಿಯೊಳಗೆ ಹಿಡಿದುಕೊಂಡಳು. "ಮೊದಲು ಇದರ ಅರ್ಥ ಕನ್ನಡದಲ್ಲಿ ಹೇಳಿ ಸರ್."

ಅವರು ಓದುತ್ತಾ ಹೇಳಿದರು: "ಈ ಔಷಧಿಯನ್ನ ಇದುವರೆಗೆ ಇಲಿಗಳಿಗೆ ಮಾತ್ರ ಕೊಟ್ಟು ನೋಡಿದ್ದಾರೆ. ಮನುಷ್ಯರಿಗೆ ಕೊಡ್ತಿರೋದು ಇದೇ ಮೊದಲು. ಲಿವರ್ ಹಾಳಾಗಬಹುದು, ಜೀವಾನೂ ಹೋಗಬಹುದು. ಇದನ್ನೆಲ್ಲ ಓದಿ, ತಿಳಿದೇ ಒಪ್ಪಿದ್ದೇನೆ." ಅವರ ದನಿ ಏರಿತು. "ಅನ್ಯಾಯ ಕಣಮ್ಮ ಇದು! ರೋಗಿಗಳಿಗೆ ಯಾರೂ ಬಾಯಿಬಿಟ್ಟು ಹೇಳೋದಿಲ್ವೇ?"

"ಹೇಳಿದ್ರೆ ನಮ್ಮ ಕೆಲಸ ಹೋಗುತ್ತೆ ಸರ್." ಅವಳು ಬಾಗಿಲ ಕಡೆ ನೋಡಿದಳು.

"ಪಾಪ, ಇಂಗ್ಲಿಷ್ ಬಾರದವರು ತಾನೇ ಇಂಥದ್ದಕ್ಕೆಲ್ಲ ಸಹಿ ಹಾಕೋದು?"

ಅವಳು ಕೊನೆಯ ಹಾಳೆಯನ್ನು ಮೇಜಿನ ಮೇಲಿಟ್ಟಳು. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

ಮೊನ್ನೆಯ ತಾರೀಖಿನ ಪಕ್ಕದಲ್ಲಿ, ಕೆಂಪು ಶಾಯಿಯಲ್ಲಿ, ಅವರದೇ ಸಹಿ ಇತ್ತು.