ಲಾರಿ ಏರಿದ ಹಾಸಿಗೆ

ಮೊಮ್ಮಗನ ಹೊಸ ಲಾರಿ ಹತ್ತಿ ಕೂತಿದ್ದೇನೆ; ಸೀಟಿನ ವಾಸನೆಗೆ ಗುಂಡ್ಲುಪೇಟೆಯ ಆ ಮಧ್ಯಾಹ್ನ ನೆನಪಾಗಿ ನಗು ತಡೆಯಲಾಗುತ್ತಿಲ್ಲ.

ಅಪ್ಪ ತಂದ ಹಳೆಯ ಲಾರಿಯ ಸೀಟು ಬರೀ ಹಲಗೆ. ಮಾರನೆಯ ದಿನವೇ ಊಟಿಗೆ ಮೊದಲ ಬಾಡಿಗೆ. ಹೊಸ ಸೀಟು ಮಾಡಿಸಲು ಕಾಸಿಲ್ಲ. ಅಜ್ಜಿ ಹೊಲಕ್ಕೆ ಹೋದದ್ದೇ ತಡ, ಅವಳ ಬೂರುಗದ ಹತ್ತಿಯ ಹಾಸಿಗೆಯನ್ನು ಹಲಗೆಯ ಮೇಲೆ ಮಡಚಿ, ಗೋಣಿತಾಟು ಹೊದಿಸಿ, ದಬ್ಬಣದಲ್ಲಿ ಹೊಲಿದೇಬಿಟ್ಟ.

ಅಪ್ಪನ ಮೀಸೆಗೆ ಅಂಟಿದ್ದ ಹತ್ತಿ ಕಂಡೇ ಅಜ್ಜಿಗೆ ಎಲ್ಲ ತಿಳಿಯಿತು. ಸೀಟನ್ನು ಒತ್ತಿ ನೋಡಿ, ಲಾರಿ ಹತ್ತಿ ಕೂತಳು.

"ಇಳಿಯವ್ವ, ನಾಳೆ ಬಾಡ್ಗೆ ಅದೆ."

"ನನ್ ಹಾಸ್ಗೆ ಎಲ್ಲಿಗೋದ್ರೆ ನಾನೂ ಅಲ್ಲಿಗೇ ಕಣ್ಲಾ!"

ಬೆಳಿಗ್ಗೆ ಬೇರೆ ದಾರಿಯಿಲ್ಲದೆ ಅಪ್ಪ ಅವಳನ್ನೂ ಕರೆದುಕೊಂಡೇ ಹೊರಟ. ಬಂಡೀಪುರ ದಾಟಿ ಊಟಿ ನೋಡಿ ಬಂದ ಅಜ್ಜಿ, ಮನೆ ಮುಂದೆ ಲಾರಿ ನಿಂತರೂ ಇಳಿಯಲಿಲ್ಲ.

"ಮುಂದಿನ್ ಬಾಡ್ಗೆ ಯಾವೂರಿಗ್ಲಾ?"