ಮೂರನೇ ದರ್ಜೆಯ ಬಸಿರು

ಬಾಗಿಲ ಚಿಲಕಕ್ಕೆ ಕೈ ಹಾಕಿದ್ದಳಷ್ಟೆ, ಹಿಂದಿನಿಂದ ದನಿ ಬಂತು.

"ಎಲ್ಲಿಗೆ?"

ಅವಳು ಕೈ ಹಿಂದಕ್ಕೆಳೆದುಕೊಂಡಳು. ಜೈಲರ್ ಸಾಹೇಬರು ಊಟವಾದ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ ಎಂದು ನಂಬಿ, ಚಪ್ಪಲಿ ಕೈಯಲ್ಲಿ ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಹಜಾರ ದಾಟಿದ್ದಳು.

"ಸ್ವಲ್ಪ ಗಾಳಿಗೆ, ಸಾಹೇಬ್ರೇ."

"ಗಾಳಿ ಕೋಣೇಲೂ ಇದೆ. ಫ್ಯಾನ್ ಹಾಕ್ತೀನಿ. ಹೋಗಿ ಮಲ್ಕೋ. ಎಡಕ್ಕೆ ತಿರುಗಿ."

ಜೈಲರ್ ಎನ್ನುವುದು ಅವಳೇ ಇಟ್ಟ ಅಡ್ಡಹೆಸರು. ಹೆಸರಿಗೆ ತಕ್ಕ ಹಾಗೆ ಸೊಂಟದಲ್ಲಿ ಗೇಟಿನ ಬೀಗದ ಕೈ, ಬಾಯಲ್ಲಿ ಅಪ್ಪಣೆ. ಮನೆಯೂ ಸಾಹೇಬರದ್ದೇ. ಅವಳು ಒಂದು ಸೂಟ್‌ಕೇಸ್ ಹಿಡಿದುಕೊಂಡು ಬಂದು ಸೇರಿದವಳು. ಅಡುಗೆಮನೆಯಲ್ಲಿ ಯಾವ ಡಬ್ಬಿ ಎಲ್ಲಿರಬೇಕು ಎನ್ನುವುದರಲ್ಲಿ ಅವಳ ಮಾತು ನಡೆಯುತ್ತಿರಲಿಲ್ಲ. ಬಿಪಿಯ ನೆಪದಲ್ಲಿ ಅವಳ ತಟ್ಟೆಯಿಂದ ಉಪ್ಪು ಗಡೀಪಾರಾಗಿತ್ತು.

ಬೀದಿ ಕಡೆಯ ಕಿಟಕಿಗೆ ದಪ್ಪ ಪರದೆ. ಎದುರುಮನೆಯವರ ಕಣ್ಣಿಗೆ ಅವಳ ಹೊಟ್ಟೆ ಬಿದ್ದರೆ ಮಾತಿಗೆ ಕೈಕಾಲು ಬೆಳೆಯುತ್ತವೆ ಎಂಬ ಭಯ ಜೈಲರ್‌ಗೆ. ಎರಡು ಬೀದಿಯಾಚೆ ಅವಳ ಹೊಲಿಗೆ ಅಂಗಡಿಯ ಶಟರ್ ಇಳಿದು ಎಷ್ಟೋ ಕಾಲವಾಗಿತ್ತು. ಮಂಡಿನೋವು ಎಂದು ಗಿರಾಕಿಗಳಿಗೆ ಹೇಳಿಯಾಗಿತ್ತು. ಅದೇನು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಸಂಜೆ ಮನೆಯ ಗಂಡಸು ಕೆಲಸದಿಂದ ಬರುತ್ತಿದ್ದ. ಹಣ್ಣಿನ ಚೀಲವನ್ನು ಜೈಲರ್ ಕೈಗಿತ್ತು, ಅವಳ ಕೋಣೆಯ ಹೊಸ್ತಿಲಲ್ಲೇ ನಿಂತು, "ಇವತ್ತು ಪರವಾಗಿಲ್ವಾ?" ಎನ್ನುತ್ತಿದ್ದ. ಅವಳು "ಹೂಂ" ಎನ್ನುತ್ತಿದ್ದಳು. ಅಲ್ಲಿಗೆ ಮುಗಿಯಿತು. ಮಗುವಿನ ಅಪ್ಪನಾಗುವವನು, ಒಳಗೆ ಬಂದು ಎರಡು ಮಾತಾಡಲೂ ಹಿಂಜರಿಯುತ್ತಿದ್ದ. ಜೈಲರ್ ಎದುರು ಅವನದೂ ಬಾಯಿ ಬಂದ್.

ಇಷ್ಟಕ್ಕೆಲ್ಲ ಕಾರಣ ಆ ದರ್ಜೆ.

ಆಸ್ಪತ್ರೆಯಲ್ಲಿ ಫ್ರೀಜ್ ಮಾಡಿಟ್ಟಿದ್ದ ಭ್ರೂಣಗಳಲ್ಲಿ ಒಳ್ಳೆಯವನ್ನು ಮೊದಲೇ ಇಟ್ಟಾಗಿತ್ತು. ಒಂದೂ ಅವಳ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಪ್ರತಿ ಸಲವೂ ಜೈಲರ್ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡಿದ್ದರು. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಉಳಿದಿದ್ದು ಒಂದೇ. ಕಂಪ್ಯೂಟರ್ ಪರದೆಯ ಮೇಲೆ ಡಾಕ್ಟರು ತೋರಿಸಿದಾಗ, ಅಂಚು ಮುಕ್ಕಾದ ಅಂಗಿಗುಂಡಿಯ ಹಾಗಿತ್ತು.

"ಮೂರನೇ ದರ್ಜೆ," ಎಂದಿದ್ದರು ಡಾಕ್ಟರು.

"ಇಂಥದ್ರಿಂದ ಹುಟ್ಟೋ ಮಗು ಸರಿಯಾಗಿರುತ್ತಾ?" ಜೈಲರ್ ಕೇಳಿದ್ದರು.

"ದರ್ಜೆ ಅನ್ನೋದು ನಿಲ್ಲುತ್ತೋ ಇಲ್ವೋ ಅನ್ನೋದಕ್ಕೆ. ಇದು ನಿಲ್ಲೋ ಸಾಧ್ಯತೆ ಕಮ್ಮಿ. ಆದ್ರೆ ನಿಂತ್ಮೇಲೆ, ಒಳ್ಳೆ ದರ್ಜೆಯ ಮಕ್ಕಳ ಹಾಗೇ ಇವೂ ಹುಟ್ಟೋದನ್ನ ನೋಡಿದೀವಿ. ತೂಕದಲ್ಲೂ ಅಂಥ ವ್ಯತ್ಯಾಸ ಇರಲ್ಲ."

ಜೈಲರ್ ನಂಬಲಿಲ್ಲ, ಬಿಟ್ಟುಬಿಡೋಣ ಎಂದರು. ಅವಳೇ ಮುಂದೆ ಬಿದ್ದು, "ಇಡಿ ಡಾಕ್ಟ್ರೇ, ಕೊನೇ ಸಲ," ಎಂದಳು. ಆ ಮುಕ್ಕಾದ ಗುಂಡಿ ಗಟ್ಟಿಯಾಗಿ ಕೂತುಬಿಟ್ಟಿತು. ಅವತ್ತಿನಿಂದ ಗೇಟಿಗೆ ಬೀಗ.

ಅವಳು ಕನ್ನಡಕ ಹುಡುಕಿ, ಸೂಜಿಗೆ ದಾರ ಪೋಣಿಸಿ, ಪುಟ್ಟ ಅಂಗಿಗಳಿಗೆ ಕೈಹೊಲಿಗೆ ಹಾಕುತ್ತಿದ್ದಳು. ಮಿಷನ್ ತುಳಿಯುವುದಕ್ಕೂ ತಡೆ. ಕೆಮ್ಮಿದರೆ ಜೈಲರ್ ಹಾಜರು, ನಕ್ಕರೆ "ಮೆಲ್ಲಗೆ" ಎಂಬ ಎಚ್ಚರಿಕೆ. ಬಚ್ಚಲ ಬಾಗಿಲಿಗೆ ಚಿಲಕ ಹಾಕುವಂತಿಲ್ಲ. ಅವಳಿಗೆ ಉಸಿರು ಕಟ್ಟುತ್ತಿತ್ತು. ಒಂದು ದಿನ, ಏಳನೇ ತಿಂಗಳಲ್ಲಿ, ತಾಳ್ಮೆಯ ಕಟ್ಟೆ ಒಡೆಯಿತು.

"ಸಾಕು!" ಅಂಗಿಯನ್ನು ಮೂಲೆಗೆ ಎಸೆದಳು. "ನಾನೇನು ಮನುಷ್ಯಳೋ, ಮಗು ಇಟ್ಟಿರೋ ಪೆಟ್ಟಿಗೇನೋ? ಬಸಿರಿನ ಸಂಕಟ ಗೊತ್ತಿದ್ರೆ ಯಾರೂ ಹೀಗೆ ಕೂಡಿ ಹಾಕ್ತಿರ್ಲಿಲ್ಲ!"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಜೈಲರ್ ಮುಖ ಬಿಳಿಚಿತ್ತು. ಅವರ ಕೈ ತಮ್ಮದೇ ಕಿಬ್ಬೊಟ್ಟೆಯ ಮೇಲೆ, ಹಳೆಯ ಹೊಲಿಗೆಯ ಗುರುತಿದ್ದ ಜಾಗಕ್ಕೆ, ತಾನಾಗಿ ಹೋಯಿತು. ಆಮೇಲೆ ಸೊಂಟದಿಂದ ಬೀಗದ ಕೈ ತೆಗೆದು ಅವಳ ಅಂಗೈಯಲ್ಲಿಟ್ಟರು.

"ತಗೋ. ಹೋಗಿ ಬಾ. ಇನ್ನೊಂದು ಇಲ್ವಲ್ಲ ಅಂತ ಹೆದರಿಕೆ, ಅಷ್ಟೇ."

ಅವಳು ಗೇಟಿನ ತನಕ ಹೋದಳು. ಬೀಗ ತೆಗೆದಳು. ಬೀದಿ ಖಾಲಿಯಿತ್ತು, ಅಂಗಡಿಗೆ ಹೋಗುವ ತಿರುವು ಅಲ್ಲೇ ಕಾಣುತ್ತಿತ್ತು. ಆದರೆ ಕಾಲು ಏಳಲಿಲ್ಲ. ಎಡವಿದರೆ? ಸೈಕಲ್ಲೊಂದು ಬಂದು ತಾಗಿದರೆ? ಒಳಗೆ ಮಗು ಒದೆಯಿತು. ಅವಳಿಗೆ ಅಳು ಬಂತು. ಬೀಗವನ್ನು ಮತ್ತೆ ಹಾಕಿ, ಜಗ್ಗಿ ನೋಡಿ, ಒಳಗೆ ಬಂದು ಬೀಗದ ಕೈಯನ್ನು ತಾನೇ ಒಪ್ಪಿಸಿದಳು.

"ಎಡಕ್ಕೆ ತಿರುಗಿ ಮಲಗ್ತೀನಿ, ಸಾಹೇಬ್ರೇ," ಎಂದಳು.

ಹೆರಿಗೆ ಆಪರೇಷನ್ ಮಾಡಿಯೇ ಆಯಿತು. ಅವಳ ವಯಸ್ಸಿಗೆ, ಬಿಪಿಗೆ ಬೇರೆ ದಾರಿಯಿಲ್ಲ ಎಂದಿದ್ದರು ಡಾಕ್ಟರು. ಹಸಿರು ಗೌನು ತೊಟ್ಟ ಜೈಲರ್ ಅವಳ ತಲೆಯ ಹತ್ತಿರ ನಿಂತು, ಅಲ್ಲೂ ಅವಳ ಕೈ ಬಿಟ್ಟಿರಲಿಲ್ಲ. ಅಳು ಕೇಳಿಸಿತು. ಗಟ್ಟಿ ಅಳು. ನರ್ಸ್ ಮಗುವನ್ನು ಒರೆಸಿ, ತೂಕ ನೋಡಿ, ಬಟ್ಟೆಯಲ್ಲಿ ಸುತ್ತಿ ತಂದಳು.

"ಮೂರು ಕಿಲೋ ಇದಾಳೆ, ಗುಂಡುಗುಂಡಗೆ. ತಾಯಿ, ಕೈ ಚಾಚಿ."

ಮೇಜಿನ ಮೇಲಿದ್ದವಳು ಕೈ ಚಾಚಲಿಲ್ಲ. ಜೈಲರ್ ಚಾಚಿದರು. ಮೊದಲು ಬೆರಳುಗಳನ್ನು ಎಣಿಸಿದರು, ಕೈಯದು, ಕಾಲಿನದು. ಎಲ್ಲ ಸರಿಯಿದ್ದವು.

ಆಮೇಲೆ ಜೈಲರ್, ಎಂದೋ ಗರ್ಭಕೋಶ ತೆಗೆಸಿಕೊಂಡಿದ್ದ ತನ್ನ ಹೊಟ್ಟೆಗೆ ಮಗುವನ್ನು ಒತ್ತಿಕೊಂಡು ಬಿಕ್ಕುತ್ತಾ, ಮೇಜಿನ ಕಡೆ ಬಗ್ಗಿದಳು: "ಅಮ್ಮಾ, ನೋಡು... ನಿನ್ನ ಮೊಮ್ಮಗಳು."