ಶೇಂಗಾ ಎಲೆಗೆ ನೇಲ್ ಪಾಲಿಶ್

ನೇಲ್ ಪಾಲಿಶ್ ವಾಸನೆ ಬಂದರೆ ಧರ್ಮಪುರದ ಶೇಂಗಾ ಹೊಲದ ಆ ಮಧ್ಯಾಹ್ನ ಇಂದಿಗೂ ಕಣ್ಣಿಗೆ ಕಟ್ಟುತ್ತದೆ. ಎಲೆಯ ಕೆಳಮೈಗೆ ಬಣ್ಣ ಬಳಿದು, ಒಣಗಿದ ಮೇಲೆ ಪೊರೆಯಂತೆ ಸುಲಿಯುತ್ತಿದ್ದೆ. ಅದರಲ್ಲಿ ಎಲೆಯ ರಂಧ್ರಗಳ ಅಚ್ಚು ಮೂಡುತ್ತದೆ, ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡೋಣ ಎಂದಿದ್ದರು ಟೀಚರ್.

ಕುರಿ ಹೊಡೆದುಕೊಂಡು ಬಂದ ಅಜ್ಜಿ ಶೀಶೆ ಕಂಡು ಸಿಡುಕಿದಳು. "ಏನೇ ಇದು? ಬಣ್ಣದ ಕೈಲಿ ನಮ್ಮ ಕುರಿ ಮುಟ್ಟಂಗಿಲ್ಲ, ಗೊತ್ತೈತಲ್ಲ?"

"ಎಲೆಗೆ ಕಣಜ್ಜಿ. ತೂತಿನ ಎರಡೂ ಕಡೆ ಕಾವಲು ಕೋಶ ಅವೆ. ನೀರು ತುಂಬಿದ್ರೆ ಉಬ್ಬಿ ತೂತು ತೆಗೀತಾವೆ, ಕಮ್ಮಿಯಾದ್ರೆ ಸೊರಗಿ ಮುಚ್ತಾವೆ. ಈಗ ಬಿಸಿಲಿಗೆ ಮುಚ್ಚಿರ್ತಾವೆ, ನಾಳೆ ಬೆಳಗ್ಗೆ ತೆರೆದಿರೋದು ನೋಡ್ಬೇಕು."

"ನಾಳೆಯಿಂದ ಇಸ್ಕೂಲು ಸಾಕು. ಕುರಿ ಹಿಂದೆ ಹೋಗು."

ನಾಳೆಯ ಎಲೆಗೆ ಒಂದಿಷ್ಟು ಉಳಿಸಿ, ಮಿಕ್ಕ ಬಣ್ಣವನ್ನೆಲ್ಲ ಅವಳೆದುರೇ ನನ್ನ ಉಗುರುಗಳಿಗೆ ಬಳಿದುಕೊಂಡೆ.

"ಈಗ ಹೆಂಗ್ ಮುಟ್ಲಿ ಕುರೀನ?" ಎಂದೆ.